ಕಟ್ಟ ಕಟ್ಟಲು ಜನ ಬರುತ್ತಾರೆ, ಕೋಡ್ ಬರೆಯಲು ಯಾಕೆ ಬರುವುದಿಲ್ಲ?

ನಮ್ಮ ಕಾಸರಗೋಡಿನ ಬದಿಯಡ್ಕ ಕಡೆ ಮದುವೆ, ಉಪನಯನ ಇರುವ ಮನೆಗೆ ಹಿಂದಿನ ದಿನ ಸಂಜೆಯೇ ನೆರೆಕರೆಯವರು ಹೋಗಬೇಕು. ಬೆಂದಿಗೆ ಕೊರೆಯಲು. ಬೆಂದಿ ಅಂದರೆ ಹವ್ಯಕರ ಮಾತಿನಲ್ಲಿ ಮೇಲೋಗರ. ಮರುದಿನದ ಊಟಕ್ಕೆ ಬೇಕಾದ ತರಕಾರಿಯನ್ನು ಎಲ್ಲರೂ ಸೇರಿ ಹೆಚ್ಚಿ ಕೊಡುವ ಕೆಲಸ ಇದು. ಅಂಗಳದ ಚಪ್ಪರದಡಿ ಚಾಪೆ ಹಾಸಿರುತ್ತಾರೆ. ಮೆಟ್ಟುಕತ್ತಿಗಳು ಸಾಲಾಗಿ ಇರುತ್ತವೆ. ಮಂಗಳೂರು ಸೌತೆ, ಕುಂಬಳ, ಅಳಸಂಡೆ ರಾಶಿ ಬಿದ್ದಿರುತ್ತದೆ.

ಕಳೆದ ವರ್ಷ ಅಂಥ ಒಂದು ಮನೆಯಲ್ಲಿ ಒಬ್ಬ ಹುಡುಗನನ್ನು ನೋಡಿದೆ. ಕಾಲೇಜಿನವನು, ಯಾರದೋ ಜತೆ ಬಂದವನು. ಕಿಸೆಗೆ ಕೈ ಹಾಕಿ ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದ. ಅಡುಗೆ ಭಟ್ಟರು ಒಳಗಿಂದ ಬಂದವರು ಒಂದು ಕಟ್ಟು ಅಳಸಂಡೆ ತಂದು ಅವನ ಮುಂದೆ ಇಟ್ಟರು. ಒಂದನ್ನು ತಾವೇ ಮುರಿದು ಬಾಳೆಲೆಯ ತುಂಡಿನ ಮೇಲೆ ಇಟ್ಟರು. "ಇಷ್ಟುದ್ದ. ಇದಕ್ಕಿಂತ ಗಿಡ್ಡ ಬೇಡ, ಬೆಂದ ಮೇಲೆ ಕಾಣುವುದೇ ಇಲ್ಲ." ಅಷ್ಟೇ, ಹೋದರು. ಹುಡುಗ ಕೂತ. ಮೊದಲಿನ ಎರಡು ಹಿಡಿ ತೀರಾ ಗಿಡ್ಡ ಆಯಿತು. ಪಕ್ಕದಲ್ಲಿದ್ದ ಅಜ್ಜಿ ಅದನ್ನು ಬೇರೆ ಪಾತ್ರೆಗೆ ಸರಿಸಿ, "ಇದು ಸಾಂಬಾರಿಗೆ ಆಗ್ತದೆ ಮಗಾ, ಇನ್ನು ಸ್ವಲ್ಪ ಉದ್ದ ಮುರಿ" ಅಂದರು. ರಾತ್ರಿ ಹತ್ತಕ್ಕೆ ಅವಲಕ್ಕಿ, ಚಾ ಬರುವಾಗ ಅವನು ಹೊಸದಾಗಿ ಬಂದ ಇನ್ನೊಬ್ಬನಿಗೆ ಅಳತೆ ತೋರಿಸುತ್ತಿದ್ದ.

ಓಪನ್ ಸೋರ್ಸ್ ಸಮುದಾಯ ಕಟ್ಟುವುದು ಹೇಗೆ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ಆ ಅಳಸಂಡೆಯೇ ನೆನಪಾಗುತ್ತದೆ.

ಓಪನ್ ಸೋರ್ಸ್ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ತಂತ್ರಾಂಶದ ಮೂಲ ಬರಹವನ್ನು, ಅಂದರೆ ಕೋಡನ್ನು, ಎಲ್ಲರಿಗೂ ತೆರೆದಿಡುತ್ತಾರೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಲೈಸೆನ್ಸ್‌ನಲ್ಲೇ ಆ ಹಕ್ಕು ಬರೆದಿರುತ್ತದೆ. ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಶುರು ಮಾಡಿದ ಲಿನಕ್ಸ್, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ, ಇವತ್ತು ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗೂ ಕೂತಿದೆ. ಕಾಸರಗೋಡಿನ ಮಕ್ಕಳಿಗಂತೂ ಇದು ದೂರದ ವಿಷಯವೇ ಅಲ್ಲ. ಕೇರಳದ ಶಾಲೆಗಳ ಕಂಪ್ಯೂಟರ್‌ಗಳಲ್ಲಿ ಸರಕಾರದ ಕೈಟ್ ಸಂಸ್ಥೆ ಸಿದ್ಧಮಾಡಿಕೊಟ್ಟ ಲಿನಕ್ಸ್ ಇದೆ. ಇಲ್ಲಿನ ಕನ್ನಡ ಮಾಧ್ಯಮದ ಹುಡುಗರು ಹೈಸ್ಕೂಲು ಮುಗಿಸುವ ಹೊತ್ತಿಗೆ ಚಿತ್ರದ ಕೆಲಸಕ್ಕಿರುವ ಜಿಂಪ್, ಇಂಕ್‌ಸ್ಕೇಪ್, ಕೋಡ್ ಬರೆಯುವ ಭಾಷೆ ಪೈಥಾನ್ ಎಲ್ಲ ಮುಟ್ಟಿರುತ್ತಾರೆ. ಬೆಂಗಳೂರಿನ ಎಷ್ಟೋ ದುಬಾರಿ ಶಾಲೆಯ ಮಕ್ಕಳಿಗೆ ಈ ಭಾಗ್ಯ ಇಲ್ಲ, ಬಿಡಿ.

ಆದರೆ ಬಳಸುವವರು ಊರು ತುಂಬ ಇದ್ದರೂ ಕಟ್ಟುವವರು ಬೆರಳೆಣಿಕೆ. "ಜನವೇ ಸಿಗುವುದಿಲ್ಲ ಮಾರಾಯ" ಎಂದು ನಾನೂ ಎರಡು ವರ್ಷ ಗೊಣಗಿದ್ದೇನೆ. ಕಾರಣ ನಾನೇ ಎಂದು ಗೊತ್ತಾದದ್ದು ತಡವಾಗಿ.

ನಮ್ಮದು ಅಡಿಕೆ ತೋಟದ ಲೆಕ್ಕ ಇಡುವ ಪುಟ್ಟ ಆಪ್. ಯಾರು ಎಷ್ಟು ದಿನ ಕೆಲಸಕ್ಕೆ ಬಂದರು, ಮದ್ದು ಎಷ್ಟು ಸಲ ಬಿಟ್ಟೆವು, ಚಾಲಿ, ಪಟೋರ, ಕೋಕ ಎಂಬ ಅಡಿಕೆಯ ಬಗೆಗಳಲ್ಲಿ ಯಾವುದು ಎಷ್ಟು ಕಿಲೋ ಹೋಯಿತು. ಇಷ್ಟೇ. ಕೋಡನ್ನು ಗಿಟ್‌ಹಬ್ ಎಂಬ, ಕೋಡ್ ಇಟ್ಟು ಹಂಚುವ ಜಾಲತಾಣದಲ್ಲಿ ಹಾಕಿ, ಒಳ್ಳೆಯ ಲೈಸೆನ್ಸ್ ಅಂಟಿಸಿ, ಇನ್ನು ಜನ ಬರುತ್ತಾರೆ ಎಂದು ಕೂತೆ. ಎಂಟು ತಿಂಗಳ ಮೇಲೆ ಪೆರ್ಲದ ಒಬ್ಬಳು ವಿದ್ಯಾರ್ಥಿನಿ ಪುಲ್ ರಿಕ್ವೆಸ್ಟ್ ಕಳಿಸಿದಳು. ಅಂದರೆ "ನಾನು ಇಷ್ಟು ತಿದ್ದಿದ್ದೇನೆ, ಸೇರಿಸಿಕೊಳ್ಳಿ" ಎಂಬ ಕೋರಿಕೆ. ಕಿಲೋ ಲೆಕ್ಕದಲ್ಲಿ ದಶಾಂಶ ಬಿಟ್ಟುಹೋಗುತ್ತಿದ್ದ ತಪ್ಪನ್ನು ಅವಳು ಹಿಡಿದಿದ್ದಳು. ನಾನು ಮೂರು ವಾರ ನೋಡಲೇ ಇಲ್ಲ. ನೋಡಿದಾಗ ಅವಳು ಬರೆದ ರೀತಿ ನನಗೆ ಹಿಡಿಸಲಿಲ್ಲ. ಅವಳಿಗೆ ಹೇಳಿ ತಿದ್ದಿಸುವುದಕ್ಕಿಂತ ನಾನೇ ಬರೆದರೆ ಬೇಗ ಅಲ್ವಾ ಅನಿಸಿತು. ನಾನೇ ಬರೆದೆ, ನನ್ನ ಹೆಸರಲ್ಲೇ ಸೇರಿಸಿದೆ, ಅವಳದ್ದನ್ನು "ಥ್ಯಾಂಕ್ಸ್" ಹೇಳಿ ಮುಚ್ಚಿದೆ. ಅವಳು ಮತ್ತೆ ಬರಲಿಲ್ಲ.

ಆ ಅಜ್ಜಿ ಗಿಡ್ಡ ಅಳಸಂಡೆಯನ್ನು ಸಾಂಬಾರಿಗೆ ಸರಿಸಿದರಲ್ಲ, ನಾನು ಮಾಡಿದ್ದು ಅದರ ತದ್ವಿರುದ್ಧ. ಅವಳ ಕೈಯಿಂದ ಅಳಸಂಡೆ ಕಿತ್ತುಕೊಂಡು ನಾನೇ ಮುರಿದು ಹಾಕಿದೆ.

ಹೊಸಬರು ಉಳಿಯುತ್ತಾರೋ ಇಲ್ಲವೋ ಎನ್ನುವುದು ಹೆಚ್ಚಾಗಿ ಮೊದಲ ಒಂದೆರಡು ಭೇಟಿಯಲ್ಲೇ ತೀರ್ಮಾನ ಆಗುತ್ತದೆ. ಹಾಗಾಗಿ ಬಾಳೆಲೆಯ ಮೇಲಿನ ಅಳತೆಯ ತುಂಡು ಬಹಳ ಮುಖ್ಯ. ತಂತ್ರಾಂಶದಲ್ಲಿ ಅದು ದಾಖಲೆಯ ರೂಪದಲ್ಲಿ ಇರುತ್ತದೆ. ಆಪ್ ಅನ್ನು ನಿಮ್ಮ ಕಂಪ್ಯೂಟರಿನಲ್ಲಿ ಎಬ್ಬಿಸುವುದು ಹೇಗೆ, ಬದಲಾವಣೆ ಮಾಡಿದ ಮೇಲೆ ಪರೀಕ್ಷೆ ಮಾಡುವುದು ಹೇಗೆ, ಎಷ್ಟು ದಿನದೊಳಗೆ ಉತ್ತರ ಬರುತ್ತದೆ. ಗಿಟ್‌ಹಬ್ 2017ರಲ್ಲಿ ಒಂದು ಸಮೀಕ್ಷೆ ಮಾಡಿತ್ತು. ಉತ್ತರಿಸಿದವರಲ್ಲಿ ಶೇ. 93 ಮಂದಿ ಅರೆಬರೆ, ಹಳತಾದ ದಾಖಲೆಯೇ ದೊಡ್ಡ ತಲೆನೋವು ಅಂದರು. ತಮಾಷೆ ಎಂದರೆ, ದಾಖಲೆ ಬರೆಯುವ ಕೆಲಸಕ್ಕೆ ತಾವು ಕೈಹಾಕುವುದೇ ಅಪರೂಪ ಎಂದು ಶೇ. 60 ಮಂದಿ ಅದೇ ಸಮೀಕ್ಷೆಯಲ್ಲಿ ಒಪ್ಪಿಕೊಂಡರು. ನಾನೂ ಆ ಪೈಕಿಯೇ. ನಮ್ಮ ಆಪ್ ಎಬ್ಬಿಸಲು ಆ ವಿದ್ಯಾರ್ಥಿನಿಗೆ ಒಂದೂವರೆ ದಿನ ಬೇಕಾಯಿತಂತೆ. ಅಷ್ಟು ಕಷ್ಟಪಟ್ಟು ಅಂಗಳದವರೆಗೆ ಬಂದವಳನ್ನು ನಾನು ಹಾಗೆ ಕಳಿಸಿದ್ದು.

ಇನ್ನೊಂದು ಅಭ್ಯಾಸ ಉಂಟು, ಸ್ವಲ್ಪ ವಿಚಿತ್ರ. ಸುಲಭದ ಕೆಲಸಗಳನ್ನು ಬೇಕೆಂದೇ ಮಾಡದೆ ಬಿಡುವುದು. ಒಂದು ಪದದ ಕಾಗುಣಿತ ತಪ್ಪಾಗಿದೆ, ಒಂದು ಬಟನ್ ಸ್ವಲ್ಪ ಓರೆ ಕೂತಿದೆ. ಹಳಬರಿಗೆ ಅದು ಐದು ನಿಮಿಷದ ಕೆಲಸ. ಕೈ ತುರಿಸುತ್ತದೆ. ಮಾಡಬಾರದು. "ಮೊದಲ ಕೆಲಸಕ್ಕೆ ಒಳ್ಳೆಯದು" ಎಂಬ ಚೀಟಿ ಅಂಟಿಸಿ, ಯಾವ ಫೈಲು, ಯಾವ ಸಾಲು ಎಂದು ಬರೆದು ಇಡಬೇಕು. ಬರೆದಿಡಲು ಹದಿನೈದು ನಿಮಿಷ ಬೇಕು. ಐದು ನಿಮಿಷದ ಕೆಲಸಕ್ಕೆ ಹದಿನೈದು ನಿಮಿಷ ಖರ್ಚು ಮಾಡಲು ಮನಸ್ಸು ಒಪ್ಪುವವರೆಗೆ ಸಮುದಾಯ ಬೆಳೆಯುವುದಿಲ್ಲ ಎನ್ನುವುದು ನನ್ನ ಅನುಭವ.

ಹಾಗೆಂದು ತಲೆ ಎಣಿಸುವ ಹುಚ್ಚೂ ಬೇಡ. ಅಕ್ಟೋಬರಿನಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ ಕಳಿಸಿದರೆ ಟೀಶರ್ಟ್ ಕೊಡುವ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಕಾರ್ಯಕ್ರಮ ಇತ್ತು. 2020ರಲ್ಲಿ ಟೀಶರ್ಟ್ ಆಸೆಗೆ ಎಲ್ಲೆಲ್ಲಿಂದಲೋ ಕಸ ಬಂದು ಬಿತ್ತು. ಪರಿಚಯದ ಫೈಲಿನಲ್ಲಿ "ಅದ್ಭುತ ಪ್ರಾಜೆಕ್ಟ್" ಎಂದು ಸೇರಿಸಿ ಕಳಿಸುವುದು, ಅಂಥದ್ದೆಲ್ಲ. ಕೊನೆಗೆ ಒಪ್ಪಿದ ಪ್ರಾಜೆಕ್ಟ್‌ಗಳಿಗೆ ಮಾತ್ರ ಲೆಕ್ಕ ಎಂದು ನಿಯಮ ಬದಲಿಸಬೇಕಾಯಿತು. 2024ರಲ್ಲಿ ಎಕ್ಸ್‌ಪ್ರೆಸ್ ಎಂಬ ಪ್ರಾಜೆಕ್ಟ್‌ಗೂ ಹೀಗೇ ಆಯಿತು. ಪುಲ್ ರಿಕ್ವೆಸ್ಟ್ ಕಳಿಸುವುದು ಹೇಗೆಂದು ಕಲಿಸುವ ವಿಡಿಯೋ ನೋಡಿದ ವಿದ್ಯಾರ್ಥಿಗಳು ತಮ್ಮ ಹೆಸರನ್ನು ಅದಕ್ಕೆ ಸೇರಿಸಲು ಹೊರಟರು. ಪಾಪ, ಅವರದ್ದು ತಪ್ಪಲ್ಲ. ಊಟದ ಚಿತ್ರ ತೋರಿಸಿದ್ದರು, ತರಕಾರಿ ಯಾರೂ ತೋರಿಸಿರಲಿಲ್ಲ.

ಈಗ ಕಟ್ಟದ ವಿಷಯಕ್ಕೆ ಬರೋಣ. ಏತಡ್ಕ ಕಡೆ ಮಳೆ ಬಿಟ್ಟು ತೋಡಿನ ಹರಿವು ಇಳಿದ ಮೇಲೆ ಊರವರು ಸೇರಿ ತೋಡಿಗೆ ಅಡ್ಡ ಕಟ್ಟ, ಅಂದರೆ ತಾತ್ಕಾಲಿಕ ಒಡ್ಡು, ಹಾಕುತ್ತಾರೆ. ಕಲ್ಲು, ಮಣ್ಣು, ಅಡಿಕೆ ಮರದ ತುಂಡು, ಈಗೀಗ ಪ್ಲಾಸ್ಟಿಕ್ ಹಾಳೆ. ನಿಂತ ನೀರು ಇಂಗಿ ಆಚೀಚಿನ ಬಾವಿಗಳಲ್ಲಿ ನೀರು ಏರುತ್ತದೆ, ಬೇಸಿಗೆ ದಾಟುತ್ತದೆ. ಮುಂದಿನ ಮಳೆಗಾಲಕ್ಕೆ ಕಟ್ಟ ಹೋಯಿತು. ಮತ್ತೆ ಚಳಿಗಾಲಕ್ಕೆ ಹೊಸದಾಗಿ ಕಟ್ಟಬೇಕು. ಹಾಗಾಗಿ ಊರಲ್ಲಿ ಉಳಿಯಬೇಕಾದ್ದು ಕಟ್ಟುವ ಜನ ಮತ್ತು ಅವರ ಕೈಯ ಅನುಭವ.

ತಂತ್ರಾಂಶವೂ ಹೀಗೇ. ಒಮ್ಮೆ ಬರೆದರೆ ಮುಗಿಯಿತು ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಆಂಡ್ರಾಯ್ಡ್‌ನ ಹೊಸ ಆವೃತ್ತಿ ಬಂದರೆ ಹಳೆಯ ಆಪ್ ಕೆಡುತ್ತದೆ, ಅವಲಂಬಿಸಿದ ಇನ್ನೊಂದು ತಂತ್ರಾಂಶದಲ್ಲಿ ಕಳ್ಳರು ನುಗ್ಗಬಹುದಾದ ತೂತು ಸಿಗುತ್ತದೆ. ವರ್ಷವರ್ಷ ಕಟ್ಟಬೇಕು. ಈ ಕಟ್ಟುವ ಕೆಲಸ ನೋಡಿಕೊಳ್ಳುವವರನ್ನು ಮೇಂಟೇನರ್ ಅನ್ನುತ್ತಾರೆ. ಹೆಚ್ಚಿನ ಕಡೆ ಒಬ್ಬರೇ ಇರುತ್ತಾರೆ, ಸಂಬಳವೂ ಇಲ್ಲ. 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ತೂತು ಸಿಕ್ಕಿದಾಗಲೇ ಇದು ಜಗತ್ತಿಗೆ ಗೊತ್ತಾದದ್ದು. ಆ ತೂತು ಇದ್ದದ್ದು ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ, ಇಂಟರ್ನೆಟ್ಟಿನ ಅರ್ಧಕ್ಕರ್ಧ ಬೀಗ ಅದರದ್ದೇ. ಅದನ್ನು ನೋಡಿಕೊಳ್ಳಲು ಪೂರ್ಣಾವಧಿಗೆ ಇದ್ದದ್ದು ಒಬ್ಬರು. ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್.

ಇದಕ್ಕಿಂತ ನನ್ನನ್ನು ಜಾಸ್ತಿ ಹೆದರಿಸಿದ್ದು 2024ರ ಕತೆ. ಎಕ್ಸ್‌ಝಡ್ ಎಂದು ಫೈಲುಗಳನ್ನು ಒತ್ತಿ ಸಣ್ಣದು ಮಾಡುವ ಒಂದು ತಂತ್ರಾಂಶ. ಲಿನಕ್ಸ್ ಇರುವಲ್ಲೆಲ್ಲ ಹೆಚ್ಚುಕಡಿಮೆ ಅದೂ ಇರುತ್ತದೆ. ಲಾಸೆ ಕಾಲಿನ್ ಎಂಬವರು ವರ್ಷಗಟ್ಟಲೆ ಒಬ್ಬರೇ, ಬಿಡುವಿನಲ್ಲಿ, ಪುಕ್ಕಟೆ ನೋಡಿಕೊಳ್ಳುತ್ತಿದ್ದರು. 2021ರಲ್ಲಿ ಜಿಯಾ ಟಾನ್ ಎಂಬ ಹೆಸರಿನಲ್ಲಿ ಯಾರೋ ಬಂದು ಚಿಕ್ಕಪುಟ್ಟ ತಿದ್ದುಪಡಿ ಕಳಿಸತೊಡಗಿದರು. ಕೆಲಸ ಚೆನ್ನಾಗಿಯೇ ಇತ್ತು. 2022ರಲ್ಲಿ ಬೇರೆ ಕೆಲವು ಹೆಸರುಗಳು ಎದ್ದವು. ಕೆಲಸ ಯಾಕಿಷ್ಟು ನಿಧಾನ, ಇನ್ನೊಬ್ಬರನ್ನು ಯಾಕೆ ಸೇರಿಸಿಕೊಳ್ಳುವುದಿಲ್ಲ ಎಂದು ಒತ್ತಾಯ. ತನಗೆ ಬಹಳ ಕಾಲದಿಂದ ಮಾನಸಿಕ ಆರೋಗ್ಯದ ತೊಂದರೆ ಇದೆ, ಇದು ಸಂಬಳ ಇಲ್ಲದ ಹವ್ಯಾಸದ ಕೆಲಸ ಎಂದು ಕಾಲಿನ್ ಉತ್ತರಿಸಿದರು. ಕೊನೆಗೆ ಜಿಯಾ ಟಾನ್ ಕೈಗೆ ಬೀಗದ ಕೈ, ಅಂದರೆ ಹೊಸ ಆವೃತ್ತಿ ಬಿಡುವ ಅಧಿಕಾರ, ಹೋಯಿತು. 2024ರ ಆರಂಭದಲ್ಲಿ ಬಂದ ಹೊಸ ಆವೃತ್ತಿಗಳಲ್ಲಿ ಕಳ್ಳಬಾಗಿಲು ಅಡಗಿತ್ತು. ಬಹಳ ಕಡೆ ಹರಡುವ ಮೊದಲೇ, ಮಾರ್ಚ್ ಕೊನೆಗೆ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಅದನ್ನು ಹಿಡಿದರು. ಹೇಗೆ ಗೊತ್ತಾ? ದೂರದ ಕಂಪ್ಯೂಟರಿಗೆ ಲಾಗಿನ್ ಆಗುವಾಗ ಸುಮಾರು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿತ್ತು. ಯಾಕೆಂದು ಕೆದಕಿದರು.

ಇದನ್ನು ಕೇಳಿದ ಕೆಲವರು "ನೋಡಿದ್ರಾ, ಗುರುತಿಲ್ಲದವರನ್ನು ಸೇರಿಸಬಾರದು" ಅನ್ನುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಕಾಲಿನ್ ಜತೆ ಮೊದಲೇ ಇನ್ನಿಬ್ಬರು ಇದ್ದಿದ್ದರೆ ಆ ಒತ್ತಾಯಕ್ಕೆ ಬಲವೇ ಇರುತ್ತಿರಲಿಲ್ಲ. ದಣಿದ ಒಬ್ಬನೇ ಮನುಷ್ಯ ಇದ್ದ ಕಾರಣ ಆ ದಾರಿ ತೆರೆಯಿತು. ಹಾಗಾಗಿ ನಾವು ಈಗ ಎರಡು ವಿಷಯ ಪಾಲಿಸುತ್ತೇವೆ. ಹೊಸ ಆವೃತ್ತಿ ಬಿಡುಗಡೆಗೆ ಇಬ್ಬರು ನೋಡಿರಲೇಬೇಕು, ನಾನೇ ಬರೆದಿದ್ದರೂ ಸರಿ. ಇನ್ನೊಂದು, ಯಾರಾದರೂ "ಎರಡು ತಿಂಗಳು ನನ್ನಿಂದ ಆಗುವುದಿಲ್ಲ" ಎಂದರೆ ಕಾರಣ ಕೇಳುವುದಿಲ್ಲ. ಅಡಿಕೆ ಕೊಯ್ಲು, ಪರೀಕ್ಷೆ, ಮಗು, ಮನಸ್ಸು ಸರಿಯಿಲ್ಲದಿರುವುದು, ಎಲ್ಲ ಒಂದೇ.

ಸಮುದಾಯದಲ್ಲಿ ಬೇರೆ ಬೇರೆ ಥರದ ಜನ ಇರಬೇಕು ಎಂದಾಗ ಕೆಲವರಿಗೆ ಅದು ಫೋಟೋಕ್ಕೆ ಚೆಂದ ಎಂಬಂತೆ ಕೇಳಿಸುತ್ತದೆ. ನಮ್ಮ ಊರಿನವರಿಗೆ ಇದನ್ನು ವಿವರಿಸುವುದು ಸುಲಭ. ಕಾಸರಗೋಡಿನಲ್ಲಿ ಒಂದು ತೋಟದ ಲೆಕ್ಕಕ್ಕೆ ಎಷ್ಟು ಭಾಷೆ ಬೇಕು? ಮನೆಯವರದ್ದು ಹವ್ಯಕವೋ ಕರಾಡ ಮರಾಠಿಯೋ, ಮರ ಹತ್ತುವವರದ್ದು ತುಳು, ಅಡಿಕೆ ತಕ್ಕೊಳ್ಳುವವರದ್ದು ಬ್ಯಾರಿಯೋ ಕೊಂಕಣಿಯೋ, ಕಚೇರಿಯ ಕಾಗದ ಮಲಯಾಳ.

ನಮ್ಮ ಆಪ್ ಮೊದಲು ಕನ್ನಡದಲ್ಲಿ ಮಾತ್ರ ಇತ್ತು. ಆಮೇಲೆ ಮಲಯಾಳದಲ್ಲೂ ಹೆಸರು ಬರೆಯಲು ಬಿಟ್ಟೆವು. ಕೆಲವು ತಿಂಗಳ ಮೇಲೆ ಮಲಯಾಳ ಬಲ್ಲ ಒಬ್ಬ ಗೆಳೆಯ ಆಪ್ ಬಳಸಿ ನೋಡಿ, "ನಿಮ್ಮ ಪಟ್ಟಿಯಲ್ಲಿ ರಾಜನ್ ಇಬ್ಬರಿದ್ದಾರಲ್ಲ" ಅಂದ. ಇದ್ದದ್ದು ಒಬ್ಬನೇ. ಅವನ ಕೂಲಿ ಎರಡು ಕಡೆ ಹರಿದು ಹಂಚಿಹೋಗಿತ್ತು. ಸಂಗತಿ ಏನೆಂದರೆ, ಮಲಯಾಳದಲ್ಲಿ ಚಿಲ್ಲು ಅಕ್ಷರಗಳು ಅಂತ ಉಂಟು. ರಾಜನ್ ಎಂಬುದರ ಕೊನೆಯ ನ್ ಅಂಥದ್ದು. ಎಲ್ಲ ಭಾಷೆಯ ಅಕ್ಷರಗಳಿಗೆ ಕಂಪ್ಯೂಟರ್ ಸಂಕೇತ ಗೊತ್ತುಮಾಡುವ ಯೂನಿಕೋಡ್‌ನ 5.1 ಆವೃತ್ತಿ 2008ರಲ್ಲಿ ಬರುವವರೆಗೆ ಅದನ್ನು ಮೂರು ಸಂಕೇತ ಸೇರಿಸಿ ಬರೆಯುತ್ತಿದ್ದರು: ನ ಅಕ್ಷರ, ಸ್ವರ ತೆಗೆಯುವ ಚಂದ್ರಕ್ಕಲ, ಮತ್ತು ಕಣ್ಣಿಗೆ ಕಾಣದ ಒಂದು ಜೋಡಿಸುವ ಗುರುತು. ಆಮೇಲೆ ಚಿಲ್ಲಿಗೆ ತನ್ನದೇ ಒಂದು ಸಂಕೇತ ಸಿಕ್ಕಿತು. ಒಂದು ಕೀಬೋರ್ಡ್ ಹಳೆಯ ಥರ ಬರೆಯುತ್ತದೆ, ಇನ್ನೊಂದು ಹೊಸ ಥರ. ನೋಡಲು ಎರಡೂ ಒಂದೇ. ಕಂಪ್ಯೂಟರಿಗೆ ಇಬ್ಬರು ರಾಜನ್. ಕನ್ನಡದಲ್ಲಿ ರ‍್ಯಾಂಕ್, ರ‍್ಯಾಲಿ ಬರೆಯುವಾಗ ನಮಗೂ ಆ ಕಾಣದ ಗುರುತಿನ ಕಾಟ ಉಂಟು, ಆದರೆ ನಮ್ಮಲ್ಲಿ ಯಾರ ಹೆಸರೂ ಹಾಗೆ ಇಬ್ಭಾಗ ಆಗಿರಲಿಲ್ಲ. ನಾವು ಐದು ಜನ ಕನ್ನಡದವರೇ ಹತ್ತು ವರ್ಷ ಕೂತಿದ್ದರೂ ಈ ತಪ್ಪು ಸಿಗುತ್ತಿರಲಿಲ್ಲ.

ಇನ್ನೊಂದು ತಪ್ಪನ್ನು ಹಿಡಿದದ್ದು ನನ್ನ ಅತ್ತೆ. ತೋಟದ ಲೆಕ್ಕವನ್ನು ಮೂವತ್ತು ವರ್ಷದಿಂದ ಪುಸ್ತಕದಲ್ಲಿ ಬರೆದವರು ಅವರು, ಮಾವ ಅಲ್ಲ. ಫೋನು ತಿರುಗಿಸಿ ಮುರುಗಿಸಿ ನೋಡಿ, "ಮದ್ದು ಬಿಡುವಾಗ ಮಳೆ ಬಂದರೆ ಅರ್ಧ ದಿನದ ಸಂಬಳ. ಇದರಲ್ಲಿ ಅರ್ಧ ದಿನ ಎಂಬುದೇ ಇಲ್ಲವಲ್ಲ, ಎಂತ ಲೆಕ್ಕ ಇದು?" ಅಂದರು. ಅವರಿಗೆ ಕೋಡ್ ಬರುವುದಿಲ್ಲ, ಗಿಟ್‌ಹಬ್ ಖಾತೆಯೂ ಇಲ್ಲ. ಅವರು ಹೇಳಿದ್ದನ್ನು ನಾನು ಆಗಬೇಕಾದ ಕೆಲಸಗಳ ಪಟ್ಟಿಯಲ್ಲಿ ಬರೆದು ಹಾಕಿ, ಕೊಡುಗೆ ಕೊಟ್ಟವರ ಪಟ್ಟಿಯಲ್ಲಿ ಅವರ ಹೆಸರು ಸೇರಿಸಿದೆ. ಕೋಡ್ ಬರೆದವರನ್ನು ಮಾತ್ರ ಎಣಿಸಿದರೆ ಇಂಥವರು ಯಾರ ಕಣ್ಣಿಗೂ ಬೀಳುವುದಿಲ್ಲ. ಮೇಲೆ ಹೇಳಿದ 2017ರ ಸಮೀಕ್ಷೆಯಲ್ಲಿ ಉತ್ತರಿಸಿದವರ ಪೈಕಿ ಹೆಂಗಸರು ಬರೀ ಶೇ. 3.

ಹೆಂಗಸರಿಗೆ ಆಸಕ್ತಿ ಇಲ್ಲ ಎನ್ನುವವರಿಗೆ ಲಿನಕ್ಸ್‌ಗೆ ಡೆಸ್ಕ್‌ಟಾಪ್ ಕಟ್ಟುವ ಗ್ನೋಮ್ ಪ್ರಾಜೆಕ್ಟಿನ ಕತೆ ಹೇಳಬೇಕು. 2006ರಲ್ಲಿ, ವಿದ್ಯಾರ್ಥಿಗಳಿಗೆ ದುಡ್ಡು ಕೊಟ್ಟು ಓಪನ್ ಸೋರ್ಸ್ ಕೆಲಸ ಮಾಡಿಸುವ ಗೂಗಲ್ ಸಮ್ಮರ್ ಆಫ್ ಕೋಡ್‌ಗಾಗಿ ಅವರಿಗೆ ಸುಮಾರು 180 ಅರ್ಜಿ ಬಂದವು. ಒಂದೂ ಹೆಂಗಸರದ್ದಲ್ಲ. ಹೆಂಗಸರಿಗೆಂದೇ ಸ್ಟೈಪೆಂಡ್ ಕೊಟ್ಟು ಬೇರೆ ಕಾರ್ಯಕ್ರಮ ಕರೆದರು, ಅರ್ಜಿಗಳು ಬಂದವು. ಅದೇ ಬೆಳೆದು ಈಗ ಔಟ್‌ರೀಚಿ ಆಗಿದೆ. ಕರೆ ಹೋಗದ ಮನೆಯವರು ಬೆಂದಿಗೆ ಕೊರೆಯಲು ಬರಲಿಲ್ಲ ಎಂದು ದೂರುವುದು ಯಾವ ನ್ಯಾಯ?

ಸ್ಟೈಪೆಂಡ್ ಮಾತು ಬಂತು. "ಸೇವೆ" ಎಂದು ಪುಕ್ಕಟೆ ಕೆಲಸ ಮಾಡಲು ಬಿಡುವು ಇರುವವರು ಒಂದು ಥರದ ಜನ. ಸಂಜೆ ಮನೆಗೆ ಬಂದು ಅಡುಗೆ ಮಾಡಬೇಕಾದವರು, ಒಂದೇ ಫೋನನ್ನು ಮೂವರು ಹಂಚಿಕೊಳ್ಳುವ ಮನೆಯವರು, ಇವರಿಗೆ ಆ ಬಿಡುವು ಇಲ್ಲ. ಸಣ್ಣ ಮೊತ್ತವಾದರೂ ಸರಿ, ಕನಿಷ್ಠ ಡೇಟಾ ಖರ್ಚು, ಬಸ್ಸಿನ ಖರ್ಚು ಕೊಡಬೇಕು. ಇಲ್ಲದಿದ್ದರೆ ಬಾಗಿಲು ಎಷ್ಟು ತೆರೆದಿಟ್ಟರೂ ಒಳಗೆ ಒಂದೇ ಥರದವರು.

ಸಮಯದ ವಿಷಯವೂ ಹೀಗೆ. ಭಾನುವಾರ ಬೆಳಿಗ್ಗೆ ವಿಡಿಯೋ ಕಾಲ್ ಇಡುತ್ತಿದ್ದೆವು. ಸೌದಿಯಲ್ಲಿರುವ ಉಪ್ಪಳದ ಗೆಳೆಯನಿಗೆ ಭಾನುವಾರ ಕೆಲಸದ ದಿನ. ಕಾಲ್‌ನಲ್ಲಿ ತೀರ್ಮಾನ ಆಗಿ ಅವನಿಗೆ ಮರುದಿನ ಸುದ್ದಿ ಹೋಗುತ್ತಿತ್ತು. ಈಗ ಕಾಲ್‌ನಲ್ಲಿ ಬರೀ ಮಾತು, ತೀರ್ಮಾನ ಎಲ್ಲ ಬರಹದಲ್ಲಿ. ಪ್ರಸ್ತಾಪ ಹಾಕಿ 72 ಗಂಟೆ ಕಾಯುತ್ತೇವೆ. ಯಾರೂ ಬೇಡ ಎನ್ನದಿದ್ದರೆ ಮುಂದುವರಿಯುತ್ತೇವೆ. ಇದು ನಮ್ಮ ಬುದ್ಧಿ ಅಲ್ಲ, ಅಪಾಚೆ ಎಂಬ ಓಪನ್ ಸೋರ್ಸ್ ಸಂಸ್ಥೆಯ ಪ್ರಾಜೆಕ್ಟ್‌ಗಳ ಹಳೆಯ ಪದ್ಧತಿ.

ನಡವಳಿಕೆಯ ನಿಯಮ ಬರೆದಿಡಬೇಕಾ ಎಂದು ಜನ ಕೇಳುತ್ತಾರೆ. ಬರೆದಿಡಿ. ಲಿನಕ್ಸ್‌ನಂಥ ಲಿನಕ್ಸ್ 2018ರಲ್ಲಿ ಬರೆದಿಟ್ಟಿತು. ಒರಟಾಗಿ ಬೈದದ್ದಕ್ಕೆ ಟೊರ್ವಾಲ್ಡ್ಸ್ ಕ್ಷಮೆ ಕೇಳಿ ಸ್ವಲ್ಪ ಕಾಲ ದೂರ ಕೂತರು. ಆದರೆ ನಿಯಮ ಮುರಿದವರು ಹಳಬರಾದಾಗ ಅವರಿಗೆ ಹೇಳುವವರು ಯಾರು ಎನ್ನುವುದನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಅದಿಲ್ಲದಿದ್ದರೆ ಸುಮ್ನೆ ಗೋಡೆಗೆ ಅಂಟಿಸಿದ ಕಾಗದ.

ಕೊನೆಗೆ ಉಳಿಯುವುದು ಬೀಗದ ಕೈ. ಪೈಥಾನ್ ಹುಟ್ಟಿಸಿದ ಗೈಡೊ ವಾನ್ ರೋಸಮ್ 2018ರ ಜುಲೈಯಲ್ಲಿ ಕೊನೆಯ ಮಾತು ತನ್ನದೇ ಎಂಬ ಸ್ಥಾನ ಬಿಟ್ಟರು. ಒಂದು ಸಣ್ಣ ಬದಲಾವಣೆಯ ಮೇಲೆ ನಡೆದ ಜಗಳ ಅವರನ್ನು ಸುಸ್ತು ಮಾಡಿತ್ತು. ಮುಂದೆ ಯಾರು ಎಂದು ಅವರು ಹೇಳಲಿಲ್ಲ, ನೀವೇ ನೋಡಿಕೊಳ್ಳಿ ಅಂದರು. ಕೆಲವು ತಿಂಗಳು ಚರ್ಚಿಸಿ, ಐದು ಜನರ ಸಮಿತಿಯನ್ನು 2019ರಲ್ಲಿ ಆರಿಸಿದರು. ಕೋಡ್ ಬರೆಯಲು, ತಿದ್ದಲು ಬಳಸುವ ವಿಮ್ ಎಡಿಟರ್ ಬರೆದ ಬ್ರಾಮ್ ಮೂಲೆನಾರ್ 2023ರ ಆಗಸ್ಟ್‌ನಲ್ಲಿ ತೀರಿಕೊಂಡರು. ಜತೆಗಿದ್ದ ಹಳಬರು ಕೆಲಸ ನಿಲ್ಲಿಸಲಿಲ್ಲ. 2024ರ ಜನವರಿಯಲ್ಲಿ ಬಂದ ಮುಂದಿನ ಆವೃತ್ತಿಯನ್ನು ಅವರಿಗೇ ಅರ್ಪಿಸಿದರು.

ನಮ್ಮ ಆಪ್‌ನ ಬೀಗದ ಕೈ, ಅಂದರೆ ಪ್ಲೇ ಸ್ಟೋರಿಗೆ ಹಾಕುವ ಸಹಿ ಕೀಲಿ, ಮೊನ್ನೆಯವರೆಗೆ ನನ್ನ ಒಂದು ಲ್ಯಾಪ್‌ಟಾಪಿನಲ್ಲಿ ಮಾತ್ರ ಇತ್ತು. ಈಗ ಇನ್ನಿಬ್ಬರ ಹತ್ತಿರ ಉಂಟು.

ಪೆರ್ಲದ ಹುಡುಗಿಗೂ ಬರೆದೆ. ಅಂದು ಮಾಡಿದ್ದು ತಪ್ಪಾಯಿತು, ಅತ್ತೆ ಹೇಳಿದ ಅರ್ಧ ದಿನದ ಲೆಕ್ಕ ಇನ್ನೂ ಹಾಗೇ ಇದೆ, ನಿನ್ನಿಂದ ಆಗುವುದಾದರೆ ಮಾಡುತ್ತೀಯಾ ಎಂದು. ನಾಲ್ಕು ದಿನ ಬಿಟ್ಟು ಉತ್ತರ ಬಂತು: "ಮಾಡ್ತೇನೆ ಅಣ್ಣ. ಈ ಸಲ ನೀವೇ ಬರೆದು ಹಾಕುವುದಿಲ್ಲ ಅಲ್ವಾ?" ನಿನ್ನೆ ರಾತ್ರಿ ಅವಳ ಪುಲ್ ರಿಕ್ವೆಸ್ಟ್ ಬಂದಿದೆ. ಎರಡು ಕಡೆ ತಪ್ಪು ಉಂಟು. ನಾನು ಮುಟ್ಟಿಲ್ಲ. ಆ ಸಾಲುಗಳ ಪಕ್ಕದಲ್ಲಿ ಒಂದೊಂದು ಮಾತು ಬರೆದು ಕಳಿಸಿದ್ದೇನೆ.